ಹೆಸರು ನಂಬದ ಮಾವ

ನಮ್ಮ ಸೋದರಮಾವ ಹೆಸರನ್ನು ನಂಬುವ ಆಸಾಮಿಯೇ ಅಲ್ಲ. ದೇವರೇ ಬಂದು ಬಾಗಿಲು ತಟ್ಟಿ "ನಾನಪ್ಪಾ, ದೇವರು" ಎಂದರೂ, "ಎಸರು ಯಾರ್ ಬೇಕಾದ್ರೂ ಏಳ್ಬೋದು, ಗುರುತು ತೋರ್ಸು" ಎನ್ನುವವರು!

ತೊಂಬತ್ತರ ದಶಕದಲ್ಲಿ ಅವರು ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಮನೆ ಊರಿಗಾಂನಲ್ಲಿ. ಸಾಫ್ಟ್‌ವೇರ್ ತುಂಬಿದ ಫ್ಲಾಪಿಗಳು ಬೆಂಗಳೂರಿನ ಗೆಳೆಯನಿಂದ ಮಾರಿಕುಪ್ಪಂ ರೈಲಿನಲ್ಲಿ, ಯಾರ್ಯಾರದೋ ಕೈ ದಾಟಿ ಬರುತ್ತಿದ್ದವು. ಮೇಲಿನ ಚೀಟಿ ಒಂದು, ಒಳಗಿನ ಮಾಲು ಇನ್ನೊಂದು! ಅದಕ್ಕೆ ಮಾವನ ಬಳಿ ಮದ್ದಿತ್ತು: ಫೈಲನ್ನು ಪೂರ್ತಿ ಅರೆದು, ಅಂಕಿ-ಅಕ್ಷರಗಳ ಒಂದು ಸಾಲು ಹಿಂಡಿ ಕೊಡುವ ಪುಟ್ಟ ಪ್ರೋಗ್ರಾಂ. ಅದು ಫೈಲಿನ ಬೆರಳಚ್ಚು. ಒಳಗೆ ಒಂದು ಚುಕ್ಕೆ ಬದಲಾದರೂ ಇಡೀ ಸಾಲೇ ಬದಲು. ಗೆಳೆಯನ ಅಸಲು ಫೈಲಿನ ಸಾಲಿಗೆ ತಾಳೆಯಾದರೆ ಸರಿ, ಇಲ್ಲದಿದ್ದರೆ ಫ್ಲಾಪಿ ವಾಪಸ್.

ತಾಳೆ ನೋಡುವುದು ಎಸ್‌ಟಿಡಿ ಬೂತಿನಲ್ಲಿ. "ಏಳು, ಎಫ್, ಸೊನ್ನೆ, ಬಿ..." ಎಂದು ಮಾವ ಕಿರುಚುತ್ತಿದ್ದರೆ ಹಿಂದೆ ನಿಂತವರು ಅಂಗೈ ಮೇಲೆ ಗೀಚಿಕೊಳ್ಳುತ್ತಿದ್ದರು. ಮಟ್ಕಾ ನಂಬರೆಂದು! "ಅಣ್ಣಾ, ಎಲ್ಲಾ ಸರಿ, ನಡುವೆ ಎಫ್ ಯಾಕ್ ಬತ್ತದೆ?" ಎಂದು ಒಬ್ಬ ಕೇಳಿದ್ದನ್ನು ನಾನೇ ಕಂಡೆನೋ, ಮಾವ ಹೇಳಿದ್ದೋ? ಈಗ ಆಣೆ ಮಾಡಲಾರೆ.

ಅತ್ತೆ ಸುಮ್ಮನಿರುವರೆ? "ತಾಳಿ ಕಟ್ಟೋವಾಗ ನನ್ ಯಾವ ನಂಬರ್ ನೋಡುದ್ರಿ?"

"ನಿನ್ ಬಸ್ಸಾರು ನೋಡ್ದೆ ಕಣೇ. ಅದ್ಕೆ ನಕಲಿಲ್ಲ!"

ಅದು ಬರೀ ಮಾತಲ್ಲ. ಅತ್ತೆಗೆ ಲಕ್ವ ಹೊಡೆದು ಬಲಗೈ ಸೋತಾಗ ನಮ್ಮಮ್ಮ ಅದೇ ಪಾತ್ರೆಯಲ್ಲಿ, ಅದೇ ಸೊಪ್ಪಿನ ಬಸ್ಸಾರು ಮಾಡಿ, "ಅತ್ತಿಗೆ ಏಳ್ಕೊಟ್ಟಂಗೇ ಮಾಡಿದ್ದೀನಣ್ಣ" ಎಂದು ಬಡಿಸಿದಳು. ಮಾವ ಬೆರಳು ನೆಕ್ಕಿ, "ಚೀಟಿ ಅವಳ್ದು, ಮಾಲು ನಿಂದು ಕಣಮ್ಮಾ" ಎಂದರು.

ಒಳಗೆ ಮಲಗಿದ್ದ ಅತ್ತೆಗೆ ಅದು ಕೇಳಿಸಿತು. ಕೈ ಸ್ವಲ್ಪ ಸುಧಾರಿಸಿದ ಮೇಲೂ ಅವರು ಒಲೆಯ ಹತ್ತಿರ ಸುಳಿಯಲಿಲ್ಲ. "ಬ್ಯಾಡಪ್ಪ, ಆ ಕೈ ಈಗಿಲ್ಲ. ನಿಮ್ಮಾವ ಒಂದ್ ಚುಕ್ಕೆನೂ ಬಿಡೋರಲ್ಲ" ಎಂದು ನನ್ನೆದುರು ತಲೆಯಾಡಿಸಿದರು. ಅದನ್ನು ಮಾವನಿಗೆ ಹೇಳಿದೆ. ಮಾರನೆಯ ದಿನದಿಂದ ಅವರು ಸೊಪ್ಪಿನ ಕಟ್ಟು ತಂದು ಅತ್ತೆಯ ಮುಂದೆಯೇ ಇಡತೊಡಗಿದರು.

ಕೊನೆಗೊಂದು ಭಾನುವಾರ ಅತ್ತೆಯೇ ಬಸ್ಸಾರು ಮಾಡಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಎರಡು ಸಲ ಬಿದ್ದಿತ್ತು. ಖಾರ ಬಿದ್ದೇ ಇರಲಿಲ್ಲ! ಅತ್ತೆ ಬಾಗಿಲಿಗೊರಗಿ ಗಂಡನ ಮುಖವನ್ನೇ ನೋಡುತ್ತಿದ್ದರು. ಮಾವ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು.

"ತಾಳೆ ಆಯ್ತು ಕಣೇ. ಅದೇ ಮಾಲು."

ಅವರ ಕಣ್ಣು ಒದ್ದೆಯಾಗಿತ್ತೆಂದು ಬರೆಯಲು ಆಸೆ. ನನ್ನ ನೆನಪನ್ನು ಅಷ್ಟು ನಂಬಲಾರೆ. ಇನ್ನೊಂದು ಸೌಟು ಹಾಕಿಸಿಕೊಂಡದ್ದು ಮಾತ್ರ ಖಂಡಿತ. ಆಮೇಲೆ ಹಿತ್ತಲಿಗೆ ಹೋಗಿ ಒಂದು ಚೊಂಬು ನೀರನ್ನು ಗಟಗಟ ಕುಡಿದದ್ದೂ.