ಇಪ್ಪತ್ತಮೂರನೇ ಅಂತಸ್ತಿನ ಹೀರೆಬಳ್ಳಿ

ತಪ್ಪು ಹೊರಿಸಲು ಅಳಿಯನಷ್ಟು ಅನುಕೂಲವಾದ ಪ್ರಾಣಿ ಇನ್ನೊಂದಿಲ್ಲ. ಅತ್ತೆಗೆ ತಿರುಗಿ ಮಾತಾಡಲು ಹಿಂಜರಿಯುತ್ತಾನೆ. ಮಾತಾಡಿದರೂ ಮಗಳು ನೋಡಿಕೊಳ್ಳುತ್ತಾಳೆ. ಅಮೆರಿಕದ ಜರ್ಸಿ ಸಿಟಿಯ ಇಪ್ಪತ್ತಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ, ಪೇಂಟಿನ ಖಾಲಿ ಬಕೆಟ್ಟಿನಲ್ಲಿ ನಾನು ಹಾಕಿದ ಹೀರೆಬಳ್ಳಿ ಕಾಯಿ ಬಿಡದಿದ್ದಾಗ ಮೊದಲು ಅಳಿಯಂದಿರನ್ನೇ ಹಿಡಿದೆ. ಮೋಡಕ್ಕೆ ಕೈ ಎಟಕುವಷ್ಟು ಎತ್ತರ, ದಿನವಿಡೀ ಬಿಸಿಲು. ಬಳ್ಳಿಯೇನೋ ಕಂಬಿ ತುಂಬ ಹಬ್ಬಿತ್ತು. ಕೆಲವು ಹೂವಿನ ಹಿಂದೆ ಬೆರಳುದ್ದದ ಪೀಚೂ ಕಾಣುತ್ತಿತ್ತು; ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು.

“ಇಷ್ಟ್ ಗಾಳಿ ಬಡಿಯೋ ಕಡೆ ಮನಿ ಹಿಡದೀರಲ್ಲ, ಕಾಯಿ ನಿಲ್ಲೋದು ಹ್ಯಾಂಗ?” ಅಂದೆ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಅತ್ತಿ, ನಾ ಕುರ್ಚಿ ಹಾಕ್ಕೊಂಡು ಕೂಡಬೇಕಂತ ಈ ಬಾಲ್ಕನಿ ಹುಡುಕೀನ್ರಿ. ಸೆಪ್ಟೆಂಬರ್‌ನ ಲೇಬರ್ ಡೇ ತನಕ ಟೈಮ್. ಒಂದ ಕಾಯಿ ತೋರಸ್ರಿ. ಇಲ್ಲಂದ್ರ ಬಕೆಟ್ ಬಳ್ಳಿ ಎಲ್ಲಾ ಕೆಳಗ.”

ಯಾರದೋ ದೃಷ್ಟಿಯೇ ಇರಬೇಕೆಂದು ಬಳ್ಳಿಗೆ ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಹೊಗೆಗೆ ಅಲಾರ್ಮ್ ಕೂಗಿಕೊಂಡು, ನಮ್ಮ ಮಹಡಿಯವರೆಲ್ಲ ಕೆಮ್ಮುತ್ತ ಹೊರಗೆ ಬಂದರು. ಪೀಚು ಮಾತ್ರ ಉದುರುವುದನ್ನು ಬಿಡಲಿಲ್ಲ. ಕೊನೆಗೆ ನಾಲ್ಕನೇ ಕ್ಲಾಸಿನ ಮೊಮ್ಮಗಳು ಬಳ್ಳಿಯನ್ನು ಎಲೆ ಎಲೆ ಸರಿಸಿ ನೋಡಿದಳು.

“ಅಜ್ಜಿ, ಇವೆಲ್ಲ ಫೀಮೇಲ್. ವೇರ್ ಆರ್ ದ ಮೇಲ್ ಫ್ಲವರ್ಸ್?”

“ಹಂಗಂದ್ರ?”

“ಹಿಂದೆ ಬೇಬಿ ಹೀರೇಕಾಯಿ ಇಲ್ಲದ್ದು.”

ನಾನು ದೇವರ ಪಟದ ಕಡೆ ಕೈ ತೋರಿಸಿದೆ. ಹಿಂದೆ ಪೀಚಿಲ್ಲದ ಹೂವು ದಂಡವೆಂದು, ಸಂಜೆ ಅರಳುತ್ತಿದ್ದಂತೆ ಕಿತ್ತು ದೀಪ ಹಚ್ಚುವಾಗ ಏರಿಸಿಬಿಡುತ್ತಿದ್ದೆ. ಗಂಡುಗಳನ್ನೆಲ್ಲ ಸನ್ಯಾಸಕ್ಕೆ ಕಳಿಸಿ, ಹೆಣ್ಣಿಗೆ ಮಕ್ಕಳಾಗಲಿಲ್ಲವೆಂದು ಮಹಡಿಗೆಲ್ಲ ಹೊಗೆ ಹಾಕಿದ್ದೆ!

“ಇಷ್ಟು ಮೇಲೆ ಬೀಸ್ ಕೂಡ ಬರಲ್ಲ. ಯು ಹ್ಯಾವ್ ಟು ಡೂ ಇಟ್, ಅಜ್ಜಿ.”

ಜೇನುಹುಳದ ಕೆಲಸ ನಾನೇ ಮಾಡಬೇಕಂತೆ. ಆರು ಹೆತ್ತವಳು ಇದನ್ನು ಒಂಬತ್ತು ವರ್ಷದವಳಿಂದ ಕಲಿಯಬೇಕಾಯಿತು. ಆ ಸಂಜೆಯಿಂದ ದೇವರಿಗೆ ಬರೀ ದೀಪ; ಗಂಡುಹೂವು ಹಿಡಿದು ಹೆಣ್ಣುಹೂವಿಗೆ ತಾಗಿಸುತ್ತ ಹೋದೆ. ಲೇಬರ್ ಡೇಗೆ ಎರಡು ದಿನ ಇರುವಾಗ ಒಂದು ಕಾಯಿ ಗೇಣುದ್ದ ಜೋತುಬಿತ್ತು. ಅಳಿಯಂದಿರು ತಾವೇ ಕುರ್ಚಿ ಒಳಗಿಟ್ಟು, ಫೋಟೊ ತೆಗೆದು, “ನಮ್ಮ ಗಾರ್ಡನ್” ಎಂದು ಆಫೀಸಿನವರಿಗೆಲ್ಲ ಕಳಿಸಿದರು.

ಮಗಳು ಚಟ್ನಿಗೆಂದು ಚಾಕು ತಂದಳು. “ನಾಳಿ ಕೊಯ್ಯೋಣು ತಡಿ,” ಅಂದೆ. ಮರುದಿನವೂ ಅದನ್ನೇ ಅಂದೆ. ಕಾಯಿ ಇರುವುದು ತಿನ್ನಲಿಕ್ಕೆ, ಮುದ್ದಿಸಲಿಕ್ಕಲ್ಲ ಎಂದು ಜೀವಮಾನವಿಡೀ ಕಂಡವರಿಗೆ ಬುದ್ಧಿ ಹೇಳಿದವಳು ನಾನು. ನೋಡುತ್ತ ಕುಳಿತೆ, ಕಾಯಿ ಬಲಿತು ನಾರಾಯಿತು. ಈಗ ಅದರಿಂದಲೇ ಬೆನ್ನು ಉಜ್ಜಿಕೊಳ್ಳುತ್ತೇನೆ. ಚೆನ್ನಾಗಿ ತರಚುತ್ತದೆ, ತರಚಲಿ.