ಕಯಾಕಿನ ಹೊಟ್ಟೆಯಲ್ಲೊಂದು ತೂತು

ನನ್ನ ಕಣ್ಣಿಗೆ ಬಿದ್ದ ದೋಷ ಈವರೆಗೆ ಬದುಕಿ ಉಳಿದಿಲ್ಲ! ಇಪ್ಪತ್ತು ವರ್ಷದಿಂದ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿರುವ ಆಸಾಮಿ ನಾನು. ಹಾಗಾಗಿ ಆ ದಿನ ಹೆಂಡತಿ ಕ್ಲಿನಿಕ್ಕಿಗೆ ಹೊರಟ ಕೂಡಲೇ, ಅವಳ ಕಯಾಕನ್ನು ತುದಿಯಿಂದ ಬುಡದವರೆಗೆ ತಪಾಸಣೆ ಮಾಡಿಯೇ ತೀರುತ್ತೇನೆಂದು ಅಂಗಳದಲ್ಲಿ ನಿಂತು ಶಪಥ ಮಾಡಿದೆ.

ಕಯಾಕೆಂದರೆ ಒಬ್ಬರೇ ಕಾಲು ಚಾಚಿ ಕೂರುವ, ಉದ್ದನೆಯ ಸಪೂರ ದೋಣಿ. ನಮ್ಮದು ಮೊದಲು ದೀಪಸ್ತಂಭದ ಕಾವಲುಗಾರರೊಬ್ಬರದಾಗಿತ್ತು. ಅವರು ತೀರಿಕೊಂಡ ಮೇಲೆ ಮಗಳು ಮಾರಿದ್ದಳು. ನನ್ನವಳು ಹಲ್ಲಿನ ಡಾಕ್ಟರು. ಎರಡು ವರ್ಷ ಹುಟ್ಟು ಹಾಕಲು ಕಲಿತು, ಮರುದಿನ ಬೆಳಿಗ್ಗೆ ಮೊದಲ ಸಲ ತಂಡದ ಜೊತೆ ಎದುರಿನ ದ್ವೀಪಕ್ಕೆ ಹೊರಡುವವಳಿದ್ದಳು. ಅವಳಿಗೆ ಸಂಭ್ರಮ. ನನಗೆ, ಸುಳ್ಳೇಕೆ, ಭಯ. ತುಂಬಿದ ಬಕೆಟ್ಟು ಕಂಡರೂ ಎರಡಡಿ ಹಿಂದೆ ಸರಿಯುವವನು ನಾನು.

ದೋಣಿಯಲ್ಲಿ ಸೀಟಿನ ಹಿಂದೊಂದು ಅಡ್ಡಗೋಡೆ. ಅದರಾಚೆ ಸಾಮಾನಿಡುವ ಖಾನೆ, ಮೇಲೆ ರಬ್ಬರಿನ ಮುಚ್ಚಳ. ಮುಚ್ಚಳ ತೆಗೆದು ಖಾನೆಯೊಳಗೆ ತಲೆ ತೂರಿಸಿದೆ. ಅಡ್ಡಗೋಡೆಯಲ್ಲಿ ಸೂಜಿಮೊನೆಯಷ್ಟು ಬೆಳಕು! ನನ್ನ ಹೆಂಡತಿಯನ್ನು ನಡುನೀರಿನಲ್ಲಿ ಮುಳುಗಿಸಲು ಹೊಂಚು ಹಾಕಿ ಕೂತ ತೂತು! ಗಟ್ಟಿ ಅಂಟು ತಂದು ಮೂರು ಪದರ ಮೆತ್ತಿದೆ. ಮಟಮಟ ಮಧ್ಯಾಹ್ನದ ಹೊತ್ತಿಗೆ ಒಣಗಿತು. ಅವಳ ಔಷಧಿ, ದಿಕ್ಸೂಚಿ, ಪ್ರಯಾಣದ ಪರವಾನಗಿ ಎಲ್ಲವನ್ನೂ ಒಳಗಿಟ್ಟು, ಮುಚ್ಚಳ ಜಡಿದು, ದೋಣಿಯನ್ನು ಗಾಲಿಯ ಮೇಲೆ ತಳ್ಳಿಕೊಂಡು ಬಂದು ತಣ್ಣನೆಯ ನಡುಮನೆಯಲ್ಲಿ ಮಲಗಿಸಿದೆ.

ಮೂರು ಗಂಟೆಗೆ ದೋಣಿ ನರಳಿತು.

ಫ್ರಿಜ್ಜಿರಬೇಕು ಎಂದುಕೊಂಡೆ. ಕರೆಂಟು ಹೋಗಿ ಆಗಲೇ ಒಂದು ಗಂಟೆಯಾಗಿತ್ತು. ತಿರುಗಿ ನೋಡಿದರೆ ಮುಚ್ಚಳ ತಾನೇ ತಾನಾಗಿ ಕುಸಿಯುತ್ತಿದೆ, ಒಳಗಿನಿಂದ ಯಾರೋ ಮೆಲ್ಲಗೆ ಎಳೆದ ಹಾಗೆ. ಕಿಟಕಿಯ ಬಿಸಿಲು ಮೇಲೆ ಬಿದ್ದಾಗ ಟಪ್ಪೆಂದು ಉಬ್ಬಿತು. ಮೋಡ ಬಂತು, ಮತ್ತೆ ಕುಸಿಯಿತು. ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಇನ್ನೊಂದು ಏನೋ ಉಸಿರಾಡುತ್ತಿತ್ತು.

ಧೈರ್ಯ ಮಾಡಿ ಎರಡೂ ಕೈಯಲ್ಲಿ ಮುಚ್ಚಳ ಎಳೆದೆ. ಬರಲಿಲ್ಲ. ನಾನು ಎಳೆದಷ್ಟೂ ಒಳಗಿನವರೂ ಎಳೆದರು. ತೀರಿಕೊಂಡ ಕಾವಲುಗಾರರೇ ಮರಳಿ ಬಂದಿರಬೇಕು. ವಿನಯದಿಂದಲೇ ಕೇಳಿಕೊಂಡೆ: “ಯಜಮಾನ್ರೇ, ದೋಣಿ ನಿಮ್ದೇ ಇರ್ಲಿ. ಅವಳ ಸಾಮಾನು ಮಾತ್ರ ಕೊಟ್ಬಿಡಿ.”

ಒಳಗಿನಿಂದ “ಟಕ್” ಎಂದಿತು.

ಐದು ಗಂಟೆಗೆ ಹೆಂಡತಿ ಬಂದಾಗ ನಾನು ಊಟದ ಮೇಜಿನ ಮೇಲೆ ಮುದುರಿ ಕೂತಿದ್ದೆ. ಯಾಕೆಂದು ಕೇಳಿದಳು. ಒಳಗೆ ಯಾರೋ ಇದ್ದಾರೆ, ನಾಳೆ ಹೋಗಬೇಡ ಎಂದೆ. ಅವಳೂ ಎಳೆದು ನೋಡಿದಳು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಪರವಾನಗಿಯಿಲ್ಲದಿದ್ದರೆ ತಂಡದವರು ತನ್ನನ್ನು ದಡದಲ್ಲೇ ಬಿಟ್ಟುಹೋಗುತ್ತಾರೆ ಎನ್ನುವಾಗ ಅವಳ ಕಣ್ಣು ತುಂಬಿತು. ಆಮೇಲೆ ಅವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು.

“ಇವತ್ತು ಇದಕ್ಕೆ ಏನು ಮಾಡಿದ್ರಿ?”

“ಏನಿಲ್ಲ. ಒಂದು ತೂತು ಮುಚ್ಚಿದೆ, ಅಷ್ಟೇ.”

ಅವಳು ಚೀಲದಿಂದ ಹಲ್ಲು ಕೆದಕುವ ಸಣ್ಣ ಕೊಕ್ಕೆ ತೆಗೆದು, ಕೂರುವ ಗುಂಡಿಯೊಳಗೆ ಟಾರ್ಚ್ ಹಿಡಿದು ಬಗ್ಗಿ, ಅಡ್ಡಗೋಡೆಯ ತೂತಿಗೆ ಚುಚ್ಚಿದಳು. ಸುಯ್ಯ್ ಎಂದು ಉದ್ದನೆಯ ನಿಟ್ಟುಸಿರೊಂದು ನಡುಮನೆಯೆಲ್ಲ ಹರಿಯಿತು. ಮುಚ್ಚಳ ಸಲೀಸಾಗಿ ಕೈಗೆ ಬಂತು. ಒಳಗೆ ಅವಳ ಸಾಮಾನು ಬಿಟ್ಟು ಯಾರೂ ಇರಲಿಲ್ಲ.

ಖಾನೆಯ ಗಾಳಿ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಹೋಗಿ ಬರಲು ಅದಕ್ಕೆ ಇರುವುದು ಆ ತೂತೊಂದೇ. ಅದನ್ನು ಮುಚ್ಚಿದರೆ ಮುಚ್ಚಳ ಹೀಗೆ ಕಚ್ಚಿಕೊಳ್ಳುತ್ತದೆ, ಇಲ್ಲವೇ ನಡುಸಮುದ್ರದ ಬಿಸಿಲಿಗೆ ಹಾರಿಹೋಗಿ ಖಾನೆಗೆ ನೀರು ನುಗ್ಗುತ್ತದೆ. ಅವಳು ಹೀಗೆ ವಿವರಿಸಿದ ಮೇಲೆಯೇ ನನಗೆ ಹೊಳೆದದ್ದು. ಉಳಿಸಲು ಹೊರಟವಳನ್ನು ನಾನೇ ಮುಳುಗಿಸುತ್ತಿದ್ದೆ. ಆದರೂ ಜಂಭ ಬಿಡಬೇಕಲ್ಲ!

“ಇಷ್ಟು ಮುಖ್ಯವಾದ ತೂತಾದ್ರೆ ಅಲ್ಲೇ ಒಂದು ಮಾತು ಬರೆದಿಡಬಾರದಿತ್ತಾ?”

ಅವಳು ಟಾರ್ಚನ್ನು ನನ್ನ ಕೈಗಿತ್ತಳು. “ಈ ಕಡೆಯಿಂದ ನೋಡಿ.”

ಬಗ್ಗಿ ನೋಡಿದೆ. ಅಡ್ಡಗೋಡೆಯ ಸೀಟಿನ ಬದಿಯಲ್ಲಿ, ತೂತಿನ ಪಕ್ಕದಲ್ಲೇ, ದೋಣಿ ಕೊಂಡ ತಾರೀಖಿನ ಸಮೇತ ಕೆಂಪು ಬಣ್ಣದಲ್ಲಿ ಅವಳ ದುಂಡು ಅಕ್ಷರಗಳಿದ್ದವು: “ರೀ, ಇದನ್ನು ಮುಚ್ಚಬೇಡಿ.”