ಹೊಳೆ ದಾಟದ ಅತ್ತೆ

ದ್ವೀಪದಲ್ಲಿ ಸಂಸಾರ ಹೂಡಿದವರಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ದ್ವೀಪ ಅಂದ ಕೂಡಲೇ ಸಮುದ್ರ, ಹಡಗು ಅಂತೆಲ್ಲ ಅಂದುಕೊಳ್ಳಬೇಡಿ. ನಮ್ಮದು ಶ್ರೀರಂಗಪಟ್ಟಣ. ಮೈಸೂರಿನಲ್ಲಿ ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಸುತ್ತಲೂ ಕಾವೇರಿ ಇದ್ದಾಳೆ, ಹಾಗಾಗಿ ಭೂಗೋಳದ ಮೇಷ್ಟ್ರು ಯಾರನ್ನು ಕೇಳಿದರೂ ಅದು ದ್ವೀಪವೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನ ಒಂಟಿಕೊಪ್ಪಲಿನ ಮನೆ ಬಿಟ್ಟು ಅಲ್ಲಿಗೆ ಹೋದೆವು. ನಮ್ಮ ಯಜಮಾನರಿಗೆ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಯಾರ ಜೊತೆಗೋ ಶ್ರೀರಂಗಪಟ್ಟಣಕ್ಕೆ ಹೋದವರು, ಅಂಗಳದಲ್ಲಿ ಸೀಬೆ ಮರ ಇರುವ ಹೆಂಚಿನ ಮನೆಯೊಂದನ್ನು ನೋಡಿ ಮರುಳಾಗಿ ಬಂದರು. "ಮನೆ ಹೇಗಿದೆ?" ಅಂತ ಕೇಳಿದರೆ "ಹಣ್ಣು ಚೆನ್ನಾಗಿದೆ ಕಣೇ" ಅಂದರು. ನೆಂಟರೊಬ್ಬರು "ನಿಂಗೆ ಈಜು ಬರುತ್ತೇನಮ್ಮ?" ಅಂತ ನಿಜವಾಗಿಯೂ ಕೇಳಿದರು. ಅದಕ್ಕೆಲ್ಲ ನಕ್ಕು ಸುಮ್ಮನಾದೆ. ನಗು ಬಾರದ ಮಾತು ಬಂದದ್ದು ಅತ್ತೆಯ ಬಾಯಿಂದ.

"ನೀವು ಹೋಗ್ರಪ್ಪ, ನಾನು ಬರಲ್ಲ. ಆ ಊರಿಗೆ ನಮ್ಮೋರು ಯಾರು ಹೋದ್ರೂ ಕುಡಿಕೇಲೇ ಹೋಗಿರೋದು. ನಿಮ್ಮ ಮಾವನೂ ಅಂಗೇ ಹೋದ್ರು. ನಾನು ಹೋಗೋದೂ ಒಂದೇ ಸಲ, ಅಂಗೇ."

ಮೈಸೂರಿನ ಎಷ್ಟೋ ಮನೆಯವರು ಅಸ್ಥಿ ಬಿಡಲು ಹೋಗುವುದು ಅಲ್ಲಿನ ಹೊಳೆಗೆ. ಆ ಕೆಲಸಕ್ಕೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಬೆಂಗಳೂರಿನ ಮಗಳ ಮನೆಗೆ ಹೋಗುವಾಗ ರೈಲಿನ ಕಿಟಕಿಯಿಂದ ಕಂಡದ್ದು ಬಿಟ್ಟರೆ ಅತ್ತೆ ಆ ಊರನ್ನು ನೋಡಿಯೇ ಇರಲಿಲ್ಲ. ನನಗೆ ತಾಯಿ ಇಲ್ಲ. ಮದುವೆಯಾಗಿ ಬಂದ ದಿನದಿಂದ ಅತ್ತೆಯೇ ತಾಯಿ, ಜಗಳಕ್ಕೂ ಅವರೇ. ಅವರು ಕಾಲಿಡದ ಮನೆ ನನಗೆ ಮನೆ ಅನ್ನಿಸುವ ಹಾಗೇ ಇರಲಿಲ್ಲ. ಹೇಗಾದರೂ ಮಾಡಿ ಒಂದು ದಿನ ಕರೆಸಿಯೇ ತೀರುತ್ತೇನೆ ಅಂತ ಹಟ ಹಿಡಿದೆ.

ಹಾಲು ಉಕ್ಕಿದ್ದು

ಹೊಸ ಮನೆಯಲ್ಲಿ ಮೊದಲು ಹಾಲುಕ್ಕಿಸಬೇಕಲ್ಲ. ಅತ್ತೆ ಒಂಟಿಕೊಪ್ಪಲಿನಿಂದಲೇ ಫೋನಿನಲ್ಲಿ ಹೇಳಿಕೊಡುತ್ತೇನೆ ಅಂದರು. ಫೋನಿದ್ದದ್ದು ಪಕ್ಕದ ಮನೆ ಟೀಚರಮ್ಮನ ಹತ್ತಿರ. ಭಾನುವಾರ ತಪ್ಪದೆ ಗಂಜಾಮಿನ ಚರ್ಚಿಗೆ ಹೋಗುವ, ನಾವು ಗಾಡಿಯಿಂದ ಸಾಮಾನು ಇಳಿಸುವ ಮೊದಲೇ ಕಾಫಿ ತಂದುಕೊಟ್ಟ ಪುಣ್ಯಾತ್ಗಿತ್ತಿ. ಹೀಗೆ ಒಲೆ ನಮ್ಮ ಮನೆಯಲ್ಲಿ, ಫೋನು ಅವರ ಮನೆಯಲ್ಲಿ, ಯಜಮಾನರು ಸೀಬೆ ಮರದ ಮೇಲೆ.

"ಒಲೆ ಹಚ್ಚಿದ್ಯಾ? ಪಾತ್ರೆಗೆ ಅರಿಶಿನ ಕುಂಕುಮ ಇಟ್ಯಾ? ನೀನು ಯಾವ ಕಡೆ ಮುಖ ಮಾಡಿದ್ದೆ?" ಅತ್ತೆಯ ಪ್ರಶ್ನೆಗಳು ಮುಗಿಯಲೇ ಇಲ್ಲ. ಅಷ್ಟರಲ್ಲಿ ಸೀದ ವಾಸನೆ ಕಾಂಪೌಂಡು ದಾಟಿ ಬಂತು. ಓಡಿ ಹೋಗಿ ನೋಡುತ್ತೇನೆ, ಪಾತ್ರೆಯಲ್ಲಿ ತೊಟ್ಟು ಹಾಲಿಲ್ಲ. ಒಲೆ ಆರಿದೆ. ಹಾಲು ಕಟ್ಟೆಯಿಂದ ಇಳಿದು ಬಾಗಿಲ ಕಡೆಗೆ ಹೊರಟಿದೆ. ಮತ್ತೆ ಓಡಿ ಬಂದು ಫೋನೆತ್ತಿದೆ.

"ಉಕ್ತೇನೇ?"

"ಉಕ್ತು ಅತ್ತೆ."

"ಯಾವ ದಿಕ್ಕಿಗೆ?"

"ಎಲ್ಲಾ ದಿಕ್ಕಿಗೂ."

"ಭೇಷ್!" ಅಂದರು ಅತ್ತೆ. "ನನ್ನ ಕಾಲದಲ್ಲೂ ಇಂಗೆ ಉಕ್ಕಿರಲಿಲ್ಲ ಕಣೇ."

ಬರ್ತಾ ಇರಿ

ಆ ಮನೆಗೆ ಸಂತೋಷಕ್ಕೆ ಅಂತ ಬಂದವರು ಕಡಿಮೆ. ಮೈಸೂರಿನಲ್ಲಿ ಪರಿಚಯದವರ ಪೈಕಿ ಯಾರು ತೀರಿಕೊಂಡರೂ ಎರಡು ದಿನ ಬಿಟ್ಟು ನಮ್ಮ ಗೇಟು ಕಿರುಗುಟ್ಟುತ್ತಿತ್ತು. "ನಿಮ್ಮನೆ ಇಲ್ಲೇ ಅಂತ ಗೊತ್ತಾಯ್ತು" ಅಂತ ಶುರು ಮಾಡಿ, ಬಚ್ಚಲು ಮನೆ ಯಾವ ಕಡೆ ಅಂತ ಮುಗಿಸುತ್ತಿದ್ದರು. ನಮ್ಮ ತಂತಿಯ ಮೇಲೆ ಯಾವಾಗಲೂ ಯಾರದೋ ಒದ್ದೆ ಪಂಚೆ.

ಒಂದು ಸಲ ಯಜಮಾನರ ಮೇಲಧಿಕಾರಿಯೇ ಬಂದರು. ಅವರ ತಂದೆ ಹೋಗಿದ್ದರು. ಅಣ್ಣತಮ್ಮಂದಿರೆಲ್ಲ ಸೇರಿ ಹೊಳೆಯ ಕೆಲಸ ಮುಗಿಸಿ, ನಮ್ಮಲ್ಲಿ ಕಾಫಿ ಕುಡಿದು ಎದ್ದರು. ಇಂಥ ಕಾರ್ಯಕ್ಕೆ ಬಂದವರು ಹೇಳದೆ ಹೊರಡುತ್ತಾರೆ, ನಾವೂ ಸುಮ್ಮನಿರಬೇಕು. ಆದರೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ಬಾಗಿಲ ತನಕ ಹೋಗಿ "ಹೋಗಿ ಬನ್ನಿ ಸಾರ್, ಆಗಾಗ ಬರ್ತಾ ಇರಿ" ಅಂದುಬಿಟ್ಟೆ.

ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ನಿಂತರು. ಯಜಮಾನರ ಮುಖ ಬಿಳುಚಿತು. ಸರಿಮಾಡೋಣ ಅಂತ ನಾನು, "ಅಂದ್ರೆ ಎಲ್ಲರೂ ಅಂತಲ್ಲ ಸಾರ್, ಯಾರಾದ್ರೂ ಒಬ್ಬರ ನೆಪದಲ್ಲಿ ಬಂದ್ರೂ ಸಾಕು" ಅಂದೆ.

ಎಲ್ಲರಿಗಿಂತ ಹಿರಿಯಣ್ಣ ಕೋಲೂರಿಕೊಂಡು ನನ್ನ ಕಡೆ ತಿರುಗಿದರು. "ಆಗಲಮ್ಮ. ದೊಡ್ಡೋನು ನಾನೇ ಅಲ್ವಾ, ಮುಂದಿನ ಸಲ ನನ್ನ ನೆಪದಲ್ಲೇ ಬರ್ತಾರೆ. ಕಾಫಿ ಮಾತ್ರ ಇಷ್ಟೇ ಸ್ಟ್ರಾಂಗಾಗಿರಲಿ."

ಸೀಬೆ ಮರದ ಕೊಂಬೆ

ಅಸ್ಥಿಯ ಕುಡಿಕೆಯನ್ನು ಮನೆಯೊಳಕ್ಕೆ ತರುವ ಹಾಗಿಲ್ಲ. ಹೊಳೆಗೆ ಹೋಗುವ ಮೊದಲೇ ನಮ್ಮಲ್ಲಿಗೆ ಬಂದವರು ಅದನ್ನು ಚೀಲದಲ್ಲಿಟ್ಟು ಸೀಬೆ ಮರದ ಕೊಂಬೆಗೆ ನೇತುಹಾಕಿ ಒಳಗೆ ಬರುತ್ತಿದ್ದರು. ಯಜಮಾನರ ಊಟದ ಚೀಲವನ್ನು ನಾನು ದಿನಾ ಬೆಳಿಗ್ಗೆ ನೇತುಹಾಕುತ್ತಿದ್ದದ್ದೂ ಅದೇ ಕೊಂಬೆಗೆ. ಸ್ಕೂಟರು ತಳ್ಳಿಕೊಂಡು ಹೋಗುವಾಗ ಕೈಗೆ ಸಿಗಲಿ ಅಂತ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಒಂಟಿಕೊಪ್ಪಲಿನ ಹಳೆಯ ನೆರೆಯವರೊಬ್ಬರು ತಮ್ಮ ತಂದೆಯ ಅಸ್ಥಿ ತಂದಿದ್ದರು. ಎರಡೂ ಚೀಲ ಒಂದೇ ಸೀರೆ ಅಂಗಡಿಯ ಹಳದಿ ಬಟ್ಟೆ ಚೀಲ. ಮಧ್ಯಾಹ್ನ ಟೀಚರಮ್ಮನ ಮನೆಗೆ ಕಾರ್ಖಾನೆಯಿಂದ ಫೋನು ಬಂತು. ಯಜಮಾನರು ಪಿಸುಗುಟ್ಟಿದರು.

"ಇವತ್ತು ಊಟಕ್ಕೆ ಏನು ಕಟ್ಟಿದ್ದೆ?"

"ಚಿತ್ರಾನ್ನ."

"ಅಲ್ಲ ಕಣೇ" ಅಂದರು.

ಅರ್ಧ ದಿನ ರಜೆ ಹಾಕಿ, ಸ್ಕೂಟರಿನ ಮುಂದೆ ಕುಡಿಕೆಯನ್ನು ಭಯಭಕ್ತಿಯಿಂದ ಇಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಕ್ಷಮೆ ಕೇಳುತ್ತ ಹೊಳೆ ದಂಡೆಗೆ ಬಂದರು. ಅಲ್ಲಿ ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಯಜಮಾನರು ಕುಡಿಕೆ ಒಪ್ಪಿಸಿ, ಹಸಿದ ಹೊಟ್ಟೆ ಸವರಿಕೊಂಡು, "ನನ್ನ ಡಬ್ಬಿ?" ಅಂದರು. ಪುರೋಹಿತರು ಖಾಲಿ ಡಬ್ಬಿಯನ್ನು ಹೊಳೆಯಲ್ಲಿ ತೊಳೆದು ಕೊಟ್ಟರು. "ಎಷ್ಟೂ ಅಂತ ಕಾಯೋದು ಸ್ವಾಮಿ? ಉಪ್ಪು ಒಂಚೂರು ಮುಂದು ಅಂತ ಮನೇಲಿ ಹೇಳಿ" ಅಂದರಂತೆ.

ಈ ಸುದ್ದಿ ಒಂಟಿಕೊಪ್ಪಲಿಗೆ ನಮಗಿಂತ ಮೊದಲೇ ಮುಟ್ಟಿತು. ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು, "ನೋಡಿದ್ಯಾ? ನಾಳೆ ನನ್ನನ್ನೂ ಇವನು ಕ್ಯಾಂಟೀನಿಗೆ ತಗೊಂಡು ಹೋಗ್ಬುಡ್ತಾನೆ. ಬರಲ್ಲ ಅಂದ್ರೆ ಬರಲ್ಲ."

ವಂಶದ ಗಂಟಲು

ಆಮೇಲೆ ನಾನು ಬಸುರಿಯಾದೆ. ಹೆರಿಗೆ, ಬಾಣಂತನ ಎಲ್ಲ ಒಂಟಿಕೊಪ್ಪಲಿನಲ್ಲೇ ಅಂತ ಗೊತ್ತಾಗಿತ್ತು. ಆದರೆ ಮಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲೇ ಹುಟ್ಟಿಬಿಟ್ಟಳು.

ಅತ್ತೆ ಫೋನಿನಲ್ಲಿ ಅತ್ತೇಬಿಟ್ಟರು. "ಈಗಿಂದೀಗ್ಲೇ ಕರ್ಕೊಂಡು ಬಂದ್ಬುಡ್ರೋ!" ಮರುಕ್ಷಣವೇ, "ಅಯ್ಯೋ ಬ್ಯಾಡ! ಎಳೇ ಕೂಸು ಮೂರು ತಿಂಗಳು ಹೊಳೆ ದಾಟಬಾರದು."

"ಹಾಗಾದ್ರೆ ನೀವೇ ಬಂದ್ಬಿಡಿ ಅತ್ತೆ."

ಅವರು ಬರುವ ಹಾಗಿಲ್ಲ, ಮಗು ಹೋಗುವ ಹಾಗಿಲ್ಲ. ಎರಡು ಶಾಸ್ತ್ರವೂ ಅವರದೇ. ಟೀಚರಮ್ಮನೇ ಬಾಣಂತನಕ್ಕೆ ನಿಂತರು. ನನಗೆ ಮಾತ್ರ ಮಗುವಿನ ಮುಖ ನೋಡಿದಾಗಲೆಲ್ಲ, ಇದನ್ನು ಮೊದಲು ಎತ್ತಿಕೊಳ್ಳಬೇಕಾದವರು ಇಲ್ಲವಲ್ಲ ಅಂತ ಅಳು ಬರುತ್ತಿತ್ತು.

ಅತ್ತೆಯೂ ಸುಮ್ಮನಿರಲಿಲ್ಲ. ದಿನಾ ಸಂಜೆ ಮಗುವನ್ನು ಫೋನಿನ ಹತ್ತಿರ ಹಿಡಿಯಬೇಕು, ಅದು ಅಳುವುದನ್ನು ಅವರು ಕೇಳಬೇಕು. ಒಂದು ದಿನ ಮಗು ಏನು ಮಾಡಿದರೂ ಏಳಲಿಲ್ಲ. ಅತ್ತೆಗೆ ನಿರಾಸೆ ಮಾಡಬಾರದು ಅಂತ ಯಜಮಾನರೇ ಫೋನು ಹಿಡಿದು, ಮೂಗು ಮುಚ್ಚಿಕೊಂಡು "ಙ್ಯಾ, ಙ್ಯಾ" ಅಂದರು.

ಆ ಕಡೆ ಅತ್ತೆ ಹಿಗ್ಗಿಹೋದರು. "ಇದು ನಮ್ಮ ವಂಶದ್ದೇ ಗಂಟಲು ಕಣೇ. ಇವರಪ್ಪ ಚಿಕ್ಕೋನಾಗಿದ್ದಾಗ ಥೇಟ್ ಇಂಗೇ ಅಳ್ತಿದ್ದ."

ಮೂರನೆಯದು ಬಾಕಿ

ನಾಮಕರಣ ಬಂತು. ಯಜಮಾನರ ಮನೆಯಲ್ಲಿ ಮಗುವಿನ ಹೆಸರು ಆರಿಸುವುದು ಅಜ್ಜಿ. ಕಿವಿಯಲ್ಲಿ ಮೂರು ಸಲ ಹೇಳಬೇಕು, ಅಲ್ಲಿಯವರೆಗೆ ಹೆತ್ತವರಿಗೂ ಗೊತ್ತಿರಬಾರದು. ಅತ್ತೆ ರಾತ್ರಿಯೆಲ್ಲ ಯೋಚಿಸಿ ದಾರಿ ಹುಡುಕಿದರು. "ಬೆಂಗಳೂರಿನ ಪ್ಯಾಸೆಂಜರ್ ಗಾಡಿ ಅಲ್ಲಿ ನಿಲ್ಲುತ್ತಲ್ಲ, ಸ್ಟೇಷನ್ನಿಗೆ ಮಗೂನ ಕರ್ಕೊಂಡು ಬನ್ನಿ. ನಾನು ಬೋಗಿಯಿಂದ ಇಳಿಯಲ್ಲ. ರೈಲು ಕಂಬಿ ಮೇಲೆ ಹೋಗೋದು, ನೆಲ ಮುಟ್ಟಲ್ಲ."

ನಾವು ಮಗುವಿಗೆ ಹೊಸ ಅಂಗಿ ತೊಡಿಸಿ ಪ್ಲಾಟ್‌ಫಾರಂ ಮೇಲೆ ನಿಂತೆವು. ಯಜಮಾನರ ಕೈಯಲ್ಲಿ ಕ್ಯಾಮೆರಾ. ಗಾಡಿ ಬಂತು. ಬಾಗಿಲಲ್ಲೇ ಅತ್ತೆ, ಕಂಬಿ ಹಿಡಿದು ನಿಂತಿದ್ದಾರೆ. ಮಗುವನ್ನು ಕೈಗೆ ಕೊಟ್ಟೆ. ಅವರು ನೋಡಿದರು, ಮೂಸಿದರು, ಮುದ್ದಾಡಿದರು, ಅತ್ತರು. ಸಮಯವೆಲ್ಲ ಅದಕ್ಕೇ ಹೋಯಿತು. ಆಮೇಲೆ ಕಿವಿಗೆ ಬಾಯಿಟ್ಟು ಒಂದು ಸಲ ಹೇಳಿದರು. ಎರಡನೆಯ ಸಲ ಹೇಳಿದರು. ಗಾಡಿ ಹೊರಟಿತು.

"ಅತ್ತೆ, ಮಗು!" ಅಂತ ಕಿರುಚಿದೆ.

"ಮೂರನೇದು ಬಾಕಿ ಇದೆ ಕಣೇ! ನಡುವೆ ನಿಲ್ಲಿಸಬಾರದು!" ಅಂತ ಕೂಗುತ್ತ ಅತ್ತೆ ಮಗುವನ್ನು ಎದೆಗವಚಿಕೊಂಡು ಬೋಗಿಯೊಳಕ್ಕೆ ಸರಿದರು. ಮೂರು ತಿಂಗಳು ಹೊಳೆ ದಾಟಬಾರದ ನನ್ನ ಮಗಳು ಕಣ್ಣೆದುರಿಗೇ ಸೇತುವೆ ಕಡೆ ಹೊರಟಳು. ಯಜಮಾನರು ಗಾಬರಿಯಲ್ಲಿ ಕ್ಯಾಮೆರಾ ಒತ್ತಿದರು. ನಾಮಕರಣದ್ದು ಅಂತ ಇವತ್ತಿಗೂ ನಮ್ಮ ಆಲ್ಬಮ್ಮಿನಲ್ಲಿರುವುದು ಆ ಒಂದೇ ಫೋಟೋ, ಗಾಡಿಯ ಕೊನೆಯ ಬೋಗಿ.

ಸ್ಟೇಷನ್ ಮಾಸ್ಟರು ಮುಂದಿನ ನಿಲ್ದಾಣ ಪಾಂಡವಪುರಕ್ಕೆ ಫೋನು ಮಾಡಿದರು. "ಒಬ್ಬರು ಅಜ್ಜಿ, ಒಂದು ಕೂಸು. ಇಳಿಸ್ಕೊಳ್ಳಿ." ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಮಾಸ್ಟರು ನಗು ತಡೆದುಕೊಂಡು ಹೇಳಿದರು, "ಇಳಿದಿದಾರಂತಮ್ಮ, ಹೆದರಬೇಡಿ. ಇಳಿಯೋಕೆ ಮೊದಲು 'ಇದೂ ದ್ವೀಪಾನಾ?' ಅಂತ ಗಾರ್ಡನ್ನ ಕೇಳಿ ಖಾತ್ರಿ ಮಾಡ್ಕೊಂಡ್ರಂತೆ."

ಯಜಮಾನರು ಪಾಂಡವಪುರಕ್ಕೆ ಸ್ಕೂಟರು ಓಡಿಸಿದರು. ನಾನು ಮನೆ ಗೇಟಿನಲ್ಲಿ ಟೀಚರಮ್ಮನ ಕೈ ಹಿಡಿದು ನಿಂತೆ. ಇವರು ಆ ಕಡೆ ಹೋದರೆ ಈ ಕಡೆಯಿಂದ ಒಂದು ಆಟೋ ಬಂತು. ಒಳಗೆ ಹಸಿವಿನಿಂದ ಕಿರುಚುತ್ತಿರುವ ಮಗು, ಅದಕ್ಕಿಂತ ಗಾಬರಿಯಾಗಿರುವ ಅತ್ತೆ. ಅವರು ಒಮ್ಮೆ ನೆಲ ನೋಡಿದರು, ಒಮ್ಮೆ ಮಗುವಿನ ಬಾಯಿ ನೋಡಿದರು. ಆಮೇಲೆ ಎರಡೂ ಕಾಲು ನೆಲದ ಮೇಲಿಟ್ಟು ದಡದಡ ಒಳಗೆ ನಡೆದರು.

"ಮೊದ್ಲು ಹಾಲು ಕುಡ್ಸು. ಆಮೇಲೆ ಅಳುವಂತೆ" ಅಂತ ನನ್ನನ್ನು ಗದರಿಸಿದರು. ನಾನು ಎರಡನ್ನೂ ಒಟ್ಟಿಗೇ ಮಾಡಿದೆ. ಅಷ್ಟು ಸಂತೋಷವಾಗಿತ್ತು. ಹೊಟ್ಟೆ ತುಂಬಿದ ಮಗುವಿನ ಕಿವಿಯಲ್ಲಿ ಅತ್ತೆ ಮೂರನೆಯ ಸಲ ಹೆಸರು ಹೇಳಿದ್ದು ನಮ್ಮ ನಡುಮನೆಯಲ್ಲಿ.

ಸಂಜೆ ಹೊರಟುಬಿಡುತ್ತೇನೆ ಅಂದವರು ಅಡುಗೆಮನೆ ನೋಡಿದರು, ಹಾಲುಕ್ಕಿದ ಒಲೆ ನೋಡಿದರು, ಹಿತ್ತಲು ಸುತ್ತಿದರು. ಆಮೇಲೆ ಜಗಲಿ ಮೇಲೆ ಕಾಲು ಚಾಚಿ ಕೂತು, ಪಾಂಡವಪುರದಿಂದ ವಾಪಸು ಬಂದ ಮಗ ಕಿತ್ತುಕೊಟ್ಟ ಸೀಬೆ ಹಣ್ಣು ಕಚ್ಚಿದರು. ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಅವರ ಕಣ್ಣು ಅಂಗಳವನ್ನೆಲ್ಲ ಸುತ್ತಿ ಬಂತು. ಬಯ್ಯಲು ಏನೋ ಹುಡುಕುತ್ತಿದ್ದಾರೆ ಅಂದುಕೊಂಡೆ.

"ಅಲ್ಲ ಕಣೇ," ಅಂದರು ಕೊನೆಗೆ, ಇನ್ನೊಂದು ಹಣ್ಣಿಗೆ ಕೈಚಾಚಿ, "ಇಷ್ಟು ಚೆನ್ನಾಗಿರೋ ಊರ್ನ ಬರೀ ಸತ್ತೋರಿಗೆ ತೋರಿಸ್ತಾರಲ್ಲ! ಮೊದ್ಲೇ ಹೇಳಿದ್ರೆ ನಿಮ್ಮ ಮಾವನೂ ಬದುಕಿದ್ದಾಗ್ಲೇ ಬಂದು ಒಂದು ಹಣ್ಣು ತಿಂದು ಹೋಗ್ತಿದ್ರು."